ಫೇಲು ಮಾಡುವ ಹಕ್ಕು ನಿಮಗೆ ಕೊಟ್ಟವರು ಯಾರು?

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಪರೀಕ್ಷೆ ಬರೆದವರು 8,42,173 ಮಕ್ಕಳು. ಪಾಸಾದವರು 5,24,984. ಉಳಿದ ಮೂರು ಲಕ್ಷದ ಹದಿನೇಳು ಸಾವಿರ ಮಕ್ಕಳ ಹೆಸರಿನ ಮುಂದೆ ಈ ರಾಜ್ಯ ಒಂದೇ ದಿನದಲ್ಲಿ ಫೇಲು ಎಂದು ಬರೆಯಿತು. ದಕ್ಷಿಣ ಕನ್ನಡ ಶೇ 91.12, ಮೊದಲ ಸ್ಥಾನ. ಕಲಬುರಗಿ ಶೇ 42.43, ಕೊನೆಯ ಸ್ಥಾನ. ಅದರ ಹಿಂದಿನ ವರ್ಷ ಉಡುಪಿ ಶೇ 94, ಯಾದಗಿರಿ ಶೇ 50.59. ಎರಡೂ ವರ್ಷ ಅದೇ ಪಟ್ಟಿ: ಕರಾವಳಿಯೇ ತಲೆ, ಭೀಮಾ ಸೀಮೆಯೇ ಬಾಲ.

ಘಟ್ಟದ ಕೆಳಗೆ ಹುಟ್ಟಿದ ಮಗುವಿಗೆ ಎರಡು ಪಟ್ಟು ಬುದ್ಧಿ, ಭೀಮಾ ತೀರದಲ್ಲಿ ಹುಟ್ಟಿದ ಮಗುವಿಗೆ ಅರ್ಧ ಬುದ್ಧಿ ಎಂದು ನಂಬುವವರು ಎದ್ದು ನಿಂತು ಹಾಗೆಂದು ಹೇಳಲಿ. ಹೇಳುವ ಧೈರ್ಯ ಇಲ್ಲದಿದ್ದರೆ ಒಪ್ಪಿಕೊಳ್ಳಲಿ: ಈ ಅಂಕಿಗಳು ಮಕ್ಕಳನ್ನು ಅಳೆದ ಅಂಕಿಗಳಲ್ಲ. ಎಲ್ಲಿ ಮೇಷ್ಟ್ರಿದ್ದರು, ಎಲ್ಲಿ ಇರಲಿಲ್ಲ. ಎಲ್ಲಿ ಹಟ್ಟಿಯಿಂದ ಶಾಲೆಗೆ ಬಸ್ಸಿತ್ತು, ಎಲ್ಲಿ ಇರಲಿಲ್ಲ. ಎಲ್ಲಿ ಅಪ್ಪ-ಅಮ್ಮ ವರ್ಷವಿಡೀ ಊರಲ್ಲಿದ್ದು ಉಣ್ಣಬಲ್ಲರು, ಎಲ್ಲಿ ಗುಳೆ ಹೋಗದೆ ಒಲೆ ಉರಿಯುವುದಿಲ್ಲ ಎಂಬುದನ್ನು ಅಳೆದ ಅಂಕಿಗಳು. ಈ ಸೀಮೆಗೆ ಅನ್ಯಾಯವಾಗಿದೆ ಎಂದು 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕುವಾರು ಲೆಕ್ಕ ಬರೆದುಕೊಟ್ಟಿತು. ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿದ್ದೂ ಅದೇ ಅನ್ಯಾಯವನ್ನು ಒಪ್ಪಿಕೊಂಡೇ. ಅಂದಮೇಲೆ ಸರ್ಕಾರ ಈ ಮಕ್ಕಳಿಗೆ ಸಾಲಗಾರ. ಸಾಲಗಾರನೇ ನ್ಯಾಯಪೀಠ ಹತ್ತಿ ಸಾಲ ಕೊಟ್ಟವನಿಗೆ ಶಿಕ್ಷೆ ಬರೆಯುವ ಪದ್ಧತಿಗೆ ನಾವು ಪರೀಕ್ಷೆ ಎಂದು ಹೆಸರಿಟ್ಟಿದ್ದೇವೆ.

ಫೇಲಾದ ಮಗುವಿನ ಒಂದು ವರ್ಷ ಹೇಗಿರುತ್ತದೆ ಎಂದು ಕಣ್ಣು ಬಿಟ್ಟು ನೋಡಿ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಗಣಿತದ ಮೇಷ್ಟ್ರು ಇಲ್ಲ. ಅತಿಥಿ ಶಿಕ್ಷಕರ ನೇಮಕಕ್ಕೆ ಆದೇಶ ಬಂದು, ಅರ್ಜಿ ಕರೆದು, ಯಾರೋ ಒಬ್ಬ ತರುಣ ಬಂದು ಸೀಮೆಸುಣ್ಣ ಹಿಡಿಯುವ ಹೊತ್ತಿಗೆ ಪಾಠ ಹಿಂದೆ ಬಿದ್ದಿರುತ್ತದೆ. ಅವನಿಗೆ ಕೊಡುವುದು ಗೌರವಧನ. ಕಾಯಂ ಶಿಕ್ಷಕನ ಸಂಬಳದ ಮುಂದೆ ಅದು ಪುಡಿಗಾಸು, ಅದೂ ತಿಂಗಳು ತಿಂಗಳು ಕೈಸೇರುವ ಖಾತ್ರಿ ಇಲ್ಲ. ದಸರೆ ಕಳೆಯಿತೆಂದರೆ ಹತ್ತಿ ಬಿಡಿಸುವ ಕಾಲ. ಹತ್ತಿ ಮುಗಿಯುವಷ್ಟರಲ್ಲಿ ತೊಗರಿ ರಾಶಿ. ಹೊಲದಲ್ಲಿ ಕೂಲಿ ಇಲ್ಲದ ಮನೆಯವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತ ಹುಡುಗಿಗೆ ತ್ರಿಕೋನಮಿತಿ ಯಾರು ಹೇಳಿಕೊಡುತ್ತಾರೆ? ಅವಳು ಜನವರಿಯಲ್ಲಿ ಮರಳಿದಾಗ ಶಾಲೆ ಅವಳ ಕೈಗೆ ಪಾಸಿಂಗ್ ಪ್ಯಾಕೇಜ್ ಕೊಡುತ್ತದೆ. ಬರಬಹುದಾದ ಪ್ರಶ್ನೆಗಳ ಪಟ್ಟಿ, ಬಾಯಿಪಾಠದ ಉತ್ತರ, ನಕಾಶೆಯಲ್ಲಿ ಗುರುತಿಸಬೇಕಾದ ಊರುಗಳು. ಹತ್ತು ವರ್ಷದಲ್ಲಿ ಕೊಡದ ವಿದ್ಯೆಯನ್ನು ಹತ್ತು ಪುಟದಲ್ಲಿ ಕೊಟ್ಟು ಮುಗಿಸುವುದಕ್ಕೆ ನಾವು ಕಂಡುಕೊಂಡ ದಾರಿ ಇದು. ಅದನ್ನೂ ನೆನಪಿಟ್ಟುಕೊಳ್ಳಲು ಆಗದಿದ್ದಾಗ ನಾವು ಹೇಳುವುದು: ಹುಡುಗಿ ದಡ್ಡಿ.

2024ರಲ್ಲಿ ಸರ್ಕಾರ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕುಸಿಯಿತು. ನಕಲು ನಿಲ್ಲಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಗುವಿನ ಕಣ್ಣು ಪಕ್ಕದವನ ಹಾಳೆಯತ್ತ ಹೊರಳಿತೇ ಎಂದು ಜಿಲ್ಲಾ ಕೇಂದ್ರದಲ್ಲಿ ಕೂತು ನೋಡಬಲ್ಲ ಸರ್ಕಾರಕ್ಕೆ, ಅದೇ ಕೊಠಡಿಯಲ್ಲಿ ಜೂನ್‌ನಿಂದ ಫೆಬ್ರವರಿವರೆಗೆ ವಿಜ್ಞಾನದ ಮೇಷ್ಟ್ರು ಇದ್ದರೇ ಎಂದು ನೋಡುವ ಕಣ್ಣು ಏಕೆ ಇರಲಿಲ್ಲ? ಮಗುವಿನ ಮೇಲೆ ಕಾವಲು ಹಾಕಲು ದುಡ್ಡಿದೆ. ಮಗುವಿಗೆ ಕಲಿಸಲು ದುಡ್ಡಿಲ್ಲ. ಬಡವರ ಮಕ್ಕಳೆಂದರೆ ಕದಿಯುವವರು ಎಂಬ ಹಳೆಯ ಅನುಮಾನವೇ ಈ ಖರ್ಚಿನ ಪಟ್ಟಿಯನ್ನೂ ಬರೆದಿದೆ.

ಪಾಸು-ಫೇಲು ಎಂಬುದು ನಿಸರ್ಗದ ನಿಯಮವೆಂಬಂತೆ ಮಾತಾಡುವವರಿಗೆ ಇಷ್ಟು ನೆನಪಿರಲಿ. 2021ರಲ್ಲಿ ಕೊರೋನಾ ಇತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದರು, ಯಾರನ್ನೂ ಫೇಲು ಮಾಡುವುದಿಲ್ಲ ಎಂದು ಸಚಿವರೇ ಮೊದಲೇ ಹೇಳಿದರು. ಫಲಿತಾಂಶ ಶೇ 99.99. ಆಕಾಶ ಕಳಚಿ ಬಿತ್ತೆ? ಆ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ, ಕೆಲಸದಲ್ಲಿದ್ದಾರೆ, ಉಳಿದವರಂತೆಯೇ ಬದುಕುತ್ತಿದ್ದಾರೆ. 2024ರಲ್ಲಿ ಫಲಿತಾಂಶ ಪಾತಾಳಕ್ಕೆ ಇಳಿಯುತ್ತದೆ ಎಂದು ಕಂಡಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಲಕ್ಷಕ್ಕೂ ಮೀರಿದ ಮಕ್ಕಳು ಆ ಕೃಪೆಯಿಂದ ದಾಟಿದರು, ಆಮೇಲೆ ಮುಖ್ಯಮಂತ್ರಿಗಳೇ ಅದನ್ನು ಆಕ್ಷೇಪಿಸಿದರು. 2025ರ ಅಕ್ಟೋಬರಿನಲ್ಲಿ ಪಾಸಾಗುವ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸಿದರು: 625ಕ್ಕೆ 206 ಬಂದರೆ ಸಾಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕು. ಎಲ್ಲ ವಿಷಯದಲ್ಲೂ ನೂರಕ್ಕೆ ಮೂವತ್ತನಾಲ್ಕು ತೆಗೆದ ಹುಡುಗ ಹಳೆಯ ನಿಯಮದಲ್ಲಿ ಫೇಲು, ಹೊಸ ನಿಯಮದಲ್ಲಿ ಪಾಸು. ಅವನ ತಲೆಯಲ್ಲಿರುವುದು ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಬೆಂಗಳೂರಿನ ಒಂದು ಕಡತ. ಮೇಜಿನ ಮೇಲೆ ಆಚೀಚೆ ಸರಿಸಬಹುದಾದ ಗೆರೆಯೊಂದನ್ನು ಹಿಡಿದು ಹದಿನೈದರ ಮಗುವಿಗೆ, ನೀನು ಬಾಳಿಗೆ ಬಾರದವನು ಎಂದು ಹೇಳುವ ಅಧಿಕಾರವನ್ನು ನಾನು ಒಪ್ಪುವುದಿಲ್ಲ.

ನನ್ನ ಮಾತು ಇಷ್ಟು. ಒಂದನೆಯ ತರಗತಿಯಿಂದ ಹತ್ತರವರೆಗೆ ಯಾವ ಶಾಲೆಯೂ ಯಾವ ಮಗುವಿನ ಮೇಲೂ ಫೇಲು ಎಂಬ ತೀರ್ಪನ್ನು ಬರೆಯಕೂಡದು. ಹಾಗೆಯೇ, ಕಲಿಸದೆ ಸುಳ್ಳು ಪಾಸು ಕೊಟ್ಟು ಮಗುವನ್ನು ಮುಂದಕ್ಕೆ ತಳ್ಳಲೂ ಕೂಡದು. ಮೊದಲನೆಯದು ಬಾಗಿಲು ಮುಚ್ಚಿ ಹೊರಗಟ್ಟುವ ದ್ರೋಹ, ಎರಡನೆಯದು ಒಳಗೇ ಕೂರಿಸಿಕೊಂಡು ಮರೆತುಬಿಡುವ ದ್ರೋಹ. ನಮ್ಮ ದೇಶ ಈ ಎರಡರ ನಡುವೆ ಹದಿನೈದು ವರ್ಷಗಳಿಂದ ತೂಗಾಡುತ್ತಿದೆ, ಎರಡರಲ್ಲೂ ಸೋತದ್ದು ಮಗುವೇ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ, ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೆಯ ಸೆಕ್ಷನ್ ಹೇಳಿತು. ಆದರೆ ಆ ಕಾಯ್ದೆ ಅಷ್ಟನ್ನೇ ಹೇಳಿ ನಿಲ್ಲಲಿಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕು, ಮಕ್ಕಳ ಸಂಖ್ಯೆಗೆ ತಕ್ಕಷ್ಟು ಶಿಕ್ಷಕರು ಬೇಕು, ಹಿಂದೆ ಬಿದ್ದ ಮಗುವಿಗೆ ಹೆಚ್ಚಿನ ಪಾಠ ಹೇಳುವುದು ಶಿಕ್ಷಕನ ಕರ್ತವ್ಯ ಎಂದೂ ಬರೆಯಿತು. ಸರ್ಕಾರಗಳು ಖರ್ಚಿಲ್ಲದ ಸಾಲನ್ನು ಆಯ್ದುಕೊಂಡವು. ಫೇಲು ಮಾಡಬೇಡಿ ಎಂಬುದಕ್ಕೆ ಒಂದು ಸುತ್ತೋಲೆ ಸಾಕು, ಅದನ್ನು ಕಳಿಸಿದರು. ಮೇಷ್ಟ್ರನ್ನು ನೇಮಿಸಲು ಹಣ ಬೇಕು, ಅದನ್ನು ಬಿಟ್ಟರು. ಮೌಲ್ಯಮಾಪನ ಕಡತವಾಯಿತು, ರೂಪಣಾತ್ಮಕ, ಸಂಕಲನಾತ್ಮಕ ಎಂಬ ಕಾಲಂಗಳನ್ನು ತುಂಬುವುದರಲ್ಲೇ ಶಿಕ್ಷಕರ ಸಂಜೆಗಳು ಮುಗಿದವು. ಬರೆಯಲು ಬಾರದ ಮಗು ಐದು ದಾಟಿತು, ಆರು ದಾಟಿತು, ಎಂಟು ದಾಟಿತು. ಇವತ್ತಿಗೂ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಅರ್ಧದಷ್ಟು ಮಕ್ಕಳಿಗೆ ಎರಡನೆಯ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿ ಹೇಳುತ್ತದೆ.

ಇದರ ಹೊಣೆ ಯಾರದು ಎಂದು ಕೇಳುವ ಹೊತ್ತು ಬಂದಾಗ ದೊಡ್ಡವರೆಲ್ಲ ಒಟ್ಟಾಗಿ ಬೆರಳು ತೋರಿಸಿದ್ದು ಮಗುವಿನ ಕಡೆಗೆ. 2019ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು: ಐದು ಮತ್ತು ಎಂಟರಲ್ಲಿ ಪರೀಕ್ಷೆ, ಫೇಲಾದರೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಆಗಲೂ ಫೇಲಾದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಹುದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ ತನ್ನ ಕೈಯಲ್ಲಿರುವ ಶಾಲೆಗಳಲ್ಲಿ ಅದನ್ನು ಜಾರಿಗೂ ತಂದಿತು. ಹತ್ತು ವರ್ಷದ ಮಗುವನ್ನು ಫೇಲು ಮಾಡುವ ಅಧಿಕಾರಕ್ಕಾಗಿ ಕಾಯ್ದೆ ತಿದ್ದಲು ಸಂಸತ್ತಿಗೆ ಸಮಯ ಸಿಕ್ಕಿತು. ಶಿಕ್ಷಕರ ಹುದ್ದೆ ಖಾಲಿ ಬಿಟ್ಟ ಸರ್ಕಾರಕ್ಕೆ ದಂಡ ಹಾಕುವ ತಿದ್ದುಪಡಿ ತರಲು ಯಾರಿಗೂ ಸಮಯ ಸಿಗಲಿಲ್ಲ.

ನಮ್ಮ ರಾಜ್ಯದ ನಡೆ ಇನ್ನೂ ನಾಚಿಕೆಗೇಡು. 2023ರ ಮಾರ್ಚಿನಲ್ಲಿ ಐದು ಮತ್ತು ಎಂಟನೆಯ ತರಗತಿಗೆ ಬೋರ್ಡ್ ಪರೀಕ್ಷೆ ತಂದರು. ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಅನುಮತಿ ಕೊಟ್ಟಿತು. 2024ರಲ್ಲಿ ಒಂಬತ್ತು ಮತ್ತು ಹನ್ನೊಂದನ್ನೂ ಸೇರಿಸಿದರು. ಮತ್ತೆ ಕೋರ್ಟು, ಮತ್ತೆ ತಡೆ, ಮತ್ತೆ ಅನುಮತಿ. ಮಾರ್ಚ್ 11ಕ್ಕೆ ಶುರುವಾದ ಪರೀಕ್ಷೆ ನಡುವೆ ನಿಂತು, 25ಕ್ಕೆ ಮತ್ತೆ ಶುರುವಾಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಈ ಹಗ್ಗಜಗ್ಗಾಟದ ನಡುವೆ ಪೆನ್ಸಿಲ್ ಬಾಕ್ಸ್ ಹಿಡಿದು ಕೂತವರು ಐದನೆಯ ಇಯತ್ತೆಯ ಮಕ್ಕಳು. ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿದುಕೊಳ್ಳಬೇಕಾದ ಗತಿಗೆ ಅವರನ್ನು ತಂದ ಇಲಾಖೆಯಲ್ಲಿ ಒಬ್ಬ ಅಧಿಕಾರಿಯಾದರೂ ಆ ವರ್ಷ ಫೇಲು ಎನಿಸಿಕೊಂಡನೆ?

ಹೆದರಿಕೆ ಇಲ್ಲದಿದ್ದರೆ ಮಕ್ಕಳು ಓದುವುದಿಲ್ಲ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಟಿವಿ ಚರ್ಚೆಯಲ್ಲಿ ಎಲ್ಲ ಕಡೆ ಇದೇ ಮಾತು. ಹೆದರಿಕೆಯಿಂದ ಕಲಿಯುವುದಾದರೆ ಈ ದೇಶದ ದಲಿತರ ಮಕ್ಕಳು, ಕೂಲಿಯವರ ಮಕ್ಕಳು ಎಂದೋ ಪಂಡಿತರಾಗಬೇಕಿತ್ತು. ಅವರಷ್ಟು ಹೆದರಿಕೆಯನ್ನು ಯಾರು ಉಂಡಿದ್ದಾರೆ? ಹೆದರಿದ ಮಗು ಓದುವುದಿಲ್ಲ, ಹಿಂದಿನ ಬೆಂಚಿಗೆ ಸರಿಯುತ್ತದೆ. ಎದ್ದು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ಹಾಜರಿ ಕೂಗುವಾಗ ಮಾತ್ರ ಅದರ ದನಿ ಕೇಳುತ್ತದೆ, ಒಂದು ದಿನ ಅದೂ ನಿಲ್ಲುತ್ತದೆ. ಇನ್ನು ಫೇಲಾಗಿ ಅದೇ ತರಗತಿಯಲ್ಲಿ ಕೂತ ಮಗುವಿಗೆ ಏನು ಸಿಗುತ್ತದೆ? ಅದೇ ಪುಸ್ತಕ, ಅದೇ ಖಾಲಿ ಕುರ್ಚಿ, ತನಗಿಂತ ಚಿಕ್ಕವರ ನಗು. ಮೊದಲ ಸಲ ಮಳೆ ಬಾರದ ಹೊಲದಲ್ಲಿ ಮಳೆಯಿಲ್ಲದೆ ಇನ್ನೊಮ್ಮೆ ಬಿತ್ತಿ, ಬೆಳೆಯಲಿಲ್ಲ ಎಂದು ಮಣ್ಣಿಗೆ ಬೈಯುವವರನ್ನು ನಾವು ರೈತರು ಎನ್ನುವುದಿಲ್ಲ.

ಇನ್ನೊಂದು ಮಾತನ್ನು ನಾನು ಗೌರವದಿಂದ ಕೇಳುತ್ತೇನೆ, ಏಕೆಂದರೆ ಅದು ಬಡ ತಾಯಂದಿರ ಬಾಯಿಂದ ಬರುತ್ತದೆ. ಎಂಟನೇತ್ತ ಓದಿದಾನ, ಹೆಸರು ಬರಿಯಾಕ ಬರಂಗಿಲ್ಲ. ಪಾಸ್ ಮಾಡೂ ಬದಲಿ ಅಲ್ಲೇ ಕುಂದರಸ್ರಿ ಎನ್ನುತ್ತಾರೆ ಅವರು. ಆ ತಾಯಿ ಮಗನನ್ನು ಶಿಕ್ಷಿಸಿ ಎಂದು ಕೇಳುತ್ತಿಲ್ಲ. ನೀವು ಕಲಿಸಿಲ್ಲ ಎಂಬುದನ್ನು ಒಪ್ಪಿಕೊಳ್ಳಿ ಎಂದು ಕೇಳುತ್ತಿದ್ದಾಳೆ. ಕಲಿಸಿಲ್ಲ ಎಂದು ಹೇಳಲು ಶಾಲೆ ಅವಳಿಗೆ ಬೇರೆ ಯಾವ ಕಾಗದವನ್ನೂ ಕೊಟ್ಟಿಲ್ಲ, ಅದಕ್ಕೇ ಫೇಲು ಎಂಬ ಕಾಗದವನ್ನಾದರೂ ಕೊಡಿ ಎನ್ನುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟನ್ನು ಅವಳ ಮಗನ ಮೇಲೆಯೇ ತಿರುಗಿಸಿ, ನೋಡಿ, ಪೋಷಕರೇ ಫೇಲು ಮಾಡಿ ಎನ್ನುತ್ತಿದ್ದಾರೆ ಎಂದು ವರದಿ ಬರೆಯುವುದು ಕುಟಿಲತನ.

ಇನ್ನು ಅರ್ಹತೆಯ ಮಾತು. ಎಲ್ಲರನ್ನೂ ಪಾಸು ಮಾಡಿದರೆ ಗುಣಮಟ್ಟ ಏನಾಗಬೇಕು ಎಂದು ಗುಣಮಟ್ಟವನ್ನು ತಲೆಮಾರುಗಳಿಂದ ಮನೆಯಲ್ಲೇ ಇಟ್ಟುಕೊಂಡವರು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. 1882ರಲ್ಲಿ ಜ್ಯೋತಿಬಾ ಫುಲೆ ಹಂಟರ್ ಶಿಕ್ಷಣ ಆಯೋಗಕ್ಕೆ ಮನವಿ ಸಲ್ಲಿಸಿ, ರೈತನ ಬೆವರಿನ ತೆರಿಗೆಯಿಂದ ಮೇಲ್ಜಾತಿಯವರ ಮಕ್ಕಳು ಓದುತ್ತಿದ್ದಾರೆ, ರೈತನ ಮಕ್ಕಳಿಗೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕೊಡಿ ಎಂದು ಕೇಳಿದ್ದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಮಿಲ್ಲರ್ ಸಮಿತಿ ರಚಿಸಿದಾಗ ಆಡಳಿತದ ದಕ್ಷತೆ ಹಾಳಾಗುತ್ತದೆ ಎಂಬ ಕೂಗು ಇದೇ ಮೈಸೂರಿನಲ್ಲಿ ಎದ್ದಿತ್ತು. ಆಗ ದಕ್ಷತೆ, ಈಗ ಗುಣಮಟ್ಟ. ಬಾಗಿಲಲ್ಲಿ ನಿಂತವರೂ ಅಂದಿನವರೇ, ಹೊರಗೆ ನಿಂತವರೂ ಅಂದಿನವರೇ. ಡಾಕ್ಟರಾಗುವವನಿಗೆ ಡಾಕ್ಟರ ಪರೀಕ್ಷೆ ಇರಲಿ, ಸೇತುವೆ ಕಟ್ಟುವವನಿಗೆ ಸೇತುವೆಯ ಪರೀಕ್ಷೆ ಇರಲಿ. ಅವು ಬೇಕೇ ಬೇಕು. ಹದಿನೈದು ವರ್ಷದ ಮಗು ಕೇಳುತ್ತಿರುವುದು ಯಾರ ಹೊಟ್ಟೆ ಕೊಯ್ಯುವ ಪರವಾನಗಿಯನ್ನೂ ಅಲ್ಲ, ಕಲಿಯುತ್ತಾ ಇರುವ ಹಕ್ಕನ್ನು.

ಆ ಹಕ್ಕನ್ನು ಕಿತ್ತುಕೊಂಡ ಮೇಲೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಫೇಲಾದ ಹುಡುಗಿಗೆ ಗಂಡು ಹುಡುಕುತ್ತಾರೆ. ಅವಳ ಕನಸಿಗೆ ಇದ್ದ ಒಂದೇ ರಕ್ಷಣೆ ನಾನಿನ್ನೂ ಓದುತ್ತಿದ್ದೇನೆ ಎಂಬ ಮಾತು. ಅಂಕಪಟ್ಟಿ ಅದನ್ನು ಕಿತ್ತುಕೊಳ್ಳುತ್ತದೆ. ಹುಡುಗ ಗ್ಯಾರೇಜಿಗೆ, ಬಾರಿಗೆ, ಇಟ್ಟಿಗೆ ಭಟ್ಟಿಗೆ ಹೋಗುತ್ತಾನೆ. ಎರಡನೆಯ ಪರೀಕ್ಷೆ ಇದೆಯಲ್ಲ ಎನ್ನುತ್ತೀರಿ. ಇದೆ, ಮನೆಯಲ್ಲಿ ಟ್ಯೂಷನ್ನಿಗೆ ದುಡ್ಡಿದ್ದವನಿಗೆ ಅದು ಅವಕಾಶ. ಮೇ ತಿಂಗಳಲ್ಲಿ ಕೂಲಿಗೆ ಇಳಿದವನಿಗೆ ಅದು ಇನ್ನೊಂದು ಸಲ ಫೇಲಾಗುವ ದಿನಾಂಕ. ಇನ್ನು ಕೆಲವು ಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಆತ್ಮಹತ್ಯೆಗಳ ಪಟ್ಟಿಯಲ್ಲಿ ಪರೀಕ್ಷೆಯಲ್ಲಿ ಅನುತ್ತೀರ್ಣ ಎಂಬುದಕ್ಕೆ ಪ್ರತ್ಯೇಕ ಕಾಲಂ ಇಟ್ಟಿದೆ, ಪ್ರತಿವರ್ಷ ಆ ಕಾಲಂ ಸಾವಿರ ದಾಟುತ್ತದೆ. ಸಾವಿಗೆ ಕಾಲಂ ಮಾಡಿಕೊಂಡೂ ಸಾವಿನ ಕಾರಣವನ್ನು ಬಿಡದ ವ್ಯವಸ್ಥೆಯನ್ನು ಶಿಕ್ಷಣ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ನೂರಕ್ಕೆ ನೂರು ಫಲಿತಾಂಶ ಎಂದು ಬ್ಯಾನರ್ ಕಟ್ಟುವ ಖಾಸಗಿ ಶಾಲೆಗಳ ಒಳಗುಟ್ಟೂ ಊರಿಗೆಲ್ಲ ಗೊತ್ತು. ಕಾಯ್ದೆಯ ರಕ್ಷಣೆ ಎಂಟಕ್ಕೆ ಮುಗಿಯುತ್ತದೆ, ಜರಡಿ ಒಂಬತ್ತಕ್ಕೆ ಶುರುವಾಗುತ್ತದೆ. ಹಿಂದೆ ಬಿದ್ದ ಮಗುವಿನ ಅಪ್ಪನನ್ನು ಕರೆಸಿ, ಇಲ್ಲಿ ಕಷ್ಟ, ಟಿಸಿ ತಗೊಂಡುಬಿಡಿ ಎನ್ನುತ್ತಾರೆ. ಆ ಮಗು ಸರ್ಕಾರಿ ಶಾಲೆಗೆ ಬರುತ್ತದೆ, ಅಲ್ಲಿ ಫೇಲಾಗುತ್ತದೆ. ಫಲಿತಾಂಶದ ದಿನ ಖಾಸಗಿ ಶಾಲೆಗೆ ಹಾರ, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಬಿಇಒ ನೋಟೀಸು. ಕೈಬಿಟ್ಟವರಿಗೆ ಮರ್ಯಾದೆ, ಕೈಹಿಡಿದವರಿಗೆ ಅವಮಾನ.

ಬೇರೆ ದಾರಿ ಇಲ್ಲ ಎನ್ನಬೇಡಿ. ದಾರಿಯನ್ನು ಕಂಡುಹಿಡಿದದ್ದು ಈ ನೆಲದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಬಡ ಶಾಲೆಗಳಲ್ಲಿ ನಲಿ-ಕಲಿ ಹುಟ್ಟಿತು. ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರು ತಾವೇ ಕೂತು ಕಲಿಕಾ ಕಾರ್ಡುಗಳನ್ನು ಬರೆದರು, ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಮೌಲ್ಯಮಾಪನ ಇದೆ, ಫೇಲು ಇಲ್ಲ. ಹಬ್ಬಕ್ಕೋ ಜ್ವರಕ್ಕೋ ಗುಳೆಗೋ ಹೋಗಿ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನಿಂದ ಮತ್ತೆ ಹತ್ತುತ್ತದೆ. ತಪ್ಪಿಹೋದ ಪಾಠಕ್ಕೆ ಅಲ್ಲಿ ಶಿಕ್ಷೆ ಇಲ್ಲ, ಆ ಪಾಠವೇ ಅದಕ್ಕಾಗಿ ಕಾಯುತ್ತಿರುತ್ತದೆ. ಬಡವರ ಬದುಕನ್ನು ಅರ್ಥಮಾಡಿಕೊಂಡು ಕಟ್ಟಿದ ಶಾಲೆ ಎಂದರೆ ಇದು. 2009-10ರಿಂದ ರಾಜ್ಯಕ್ಕೆಲ್ಲ ಅದನ್ನು ಹಂಚಿದರು. ಹಂಚುವಾಗ ಮಾಡಿದ್ದೇನು? ಕೆಳಗಿನ ತರಗತಿಗಳಿಗಷ್ಟೇ ಇಟ್ಟರು. ಮೂರು ದಾಟುತ್ತಲೇ ಅದೇ ಮಗುವನ್ನು ಮೆಟ್ಟಿಲಿನಿಂದ ಇಳಿಸಿ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ, ಒಂದೇ ಗೆರೆಯ ಮುಂದೆ ನಿಲ್ಲಿಸಿದರು. ಕೊರೋನಾ ಬಂದು ಹೋದಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಎಂದು ಒಂದು ವರ್ಷ ಕರೆದರು. ಬಿಟ್ಟುಹೋದದ್ದನ್ನು ಮೊದಲು ಕಲಿಸಬೇಕು ಎಂಬ ವಿವೇಕ ರೋಗ ಬಂದಾಗ ಮಾತ್ರ ಏಕೆ? ಯಾದಗಿರಿಯ ಮಗುವಿಗೆ ಪ್ರತಿವರ್ಷವೂ ಶಾಲೆ ಮುಚ್ಚಿದ ವರ್ಷವೇ.

ಆದ್ದರಿಂದ ನಾನು ಬೇಡಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಹತ್ತನೆಯ ತರಗತಿಯವರೆಗಿನ ಎಲ್ಲ ದಾಖಲೆಗಳಿಂದ ಅನುತ್ತೀರ್ಣ ಎಂಬುದು ಹೋಗಲಿ. ಅಂಕಪಟ್ಟಿ ಮಗುವಿಗೆ ಏನು ಬರುತ್ತದೆ, ಇನ್ನೂ ಏನು ಕಲಿಸಬೇಕಿದೆ ಎಂಬುದನ್ನು ಬಿಚ್ಚಿ ಹೇಳಲಿ. ಕಲಿಸಬೇಕಾದ ಬಾಕಿಯನ್ನು ತೀರಿಸಲು ಅದೇ ಊರಿನ ಶಾಲೆಯಲ್ಲಿ, ಸಂಬಳ ಪಡೆಯುವ ಶಿಕ್ಷಕರಿಂದ, ಮುಂದಿನ ತರಗತಿಯಲ್ಲಿ ಕೂತಿರುವಾಗಲೇ ಪಾಠ ನಡೆಯಲಿ. ಜೂನ್ ಒಂದರೊಳಗೆ ಎಲ್ಲ ಹುದ್ದೆ ಭರ್ತಿಯಾಗಲಿ. ಹಿಂದೆ ಬಿದ್ದ ಮಕ್ಕಳು ಹೆಚ್ಚಿರುವ ಶಾಲೆಗೆ ಮೊದಲು ಶಿಕ್ಷಕರನ್ನು ಕಳಿಸಲಿ, ಮುಖ್ಯೋಪಾಧ್ಯಾಯರಿಗೆ ನೋಟೀಸನ್ನಲ್ಲ. ಒಂಬತ್ತನೆಯ ತರಗತಿಯಲ್ಲಿ ಟಿಸಿ ಕೊಟ್ಟು ಮಕ್ಕಳನ್ನು ಹೊರದಬ್ಬುವ ಶಾಲೆಯ ಮಾನ್ಯತೆ ರದ್ದಾಗಲಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು. ಅಂಕಪಟ್ಟಿಯ ಹಿಂಬದಿ ಖಾಲಿ ಇದೆ. ಅದರ ಮೇಲೆ ಶಾಲೆಯ ಲೆಕ್ಕವನ್ನೂ ಅಚ್ಚು ಹಾಕಿಸಿ. ಈ ಮಗುವಿಗೆ ಈ ವರ್ಷ ಗಣಿತದ ಶಿಕ್ಷಕರು ಎಷ್ಟು ದಿನ ಇದ್ದರು, ಇಂಗ್ಲಿಷಿಗೆ ಎಷ್ಟು ದಿನ, ವಿಜ್ಞಾನಕ್ಕೆ ಎಷ್ಟು ದಿನ. ಪಠ್ಯಪುಸ್ತಕ ಯಾವ ದಿನಾಂಕಕ್ಕೆ ಕೈಸೇರಿತು. ಪ್ರಯೋಗಾಲಯ ಇತ್ತೇ, ಬೀಗ ತೆರೆದಿತ್ತೇ. ಕೆಳಗೆ ಜಿಲ್ಲೆಯ ಉಪನಿರ್ದೇಶಕರ ಸಹಿ ಇರಲಿ. ಶಿಕ್ಷಕರೇ ಇಲ್ಲದ ವಿಷಯದಲ್ಲಿ ಆ ಶಾಲೆಯ ಮಗುವನ್ನು ಅಳೆಯುವ ಹಕ್ಕು ಮಂಡಳಿಗೆ ಇಲ್ಲ ಎಂದು ಕಾಯ್ದೆ ಹೇಳಲಿ. ಅಂಕಪಟ್ಟಿ ಹಿಡಿದ ಪ್ರತಿ ತಾಯಿಗೂ ಮಗನ ಅಂಕದ ಜೊತೆ ಸರ್ಕಾರದ ಅಂಕವೂ ಕಾಣಲಿ.

ಆ ಕಾಗದದ ಎರಡೂ ಬದಿ ತುಂಬುವ ಎದೆಗಾರಿಕೆ ನಿಮಗೆ ಬರುವವರೆಗೆ, ಒಂದು ಬದಿಯನ್ನಷ್ಟೇ ತುಂಬಿ ನಮ್ಮ ಮಕ್ಕಳನ್ನು ಫೇಲು ಮಾಡಬೇಡಿ. ಮಾಡಿದರೆ ಆ ಅಂಕಪಟ್ಟಿಗಳನ್ನು ಹಿಡಿದು ಬಿಇಒ ಕಚೇರಿಯ ಮುಂದೆ, ಜಿಲ್ಲಾ ಪಂಚಾಯಿತಿಯ ಮುಂದೆ, ವಿಧಾನಸೌಧದ ಮುಂದೆ ನಾವು ಕೂರುತ್ತೇವೆ. ಖಾಲಿ ಬಿಟ್ಟ ಆ ಬದಿಯಲ್ಲಿ ನೀವು ಕೊಡದೆ ಉಳಿಸಿಕೊಂಡ ಪಾಠಗಳ ಲೆಕ್ಕವನ್ನು ನಮ್ಮ ಕೈಯಾರೆ ಬರೆಯುತ್ತೇವೆ, ಮತ್ತು ಅದನ್ನು ವಸೂಲಿ ಮಾಡುವವರೆಗೆ ಏಳುವುದಿಲ್ಲ.